ಸುಸಾನಾ ಹೂವು: ಕುರುಡ ಸಸ್ಯವಿಜ್ಞಾನಿ ಹೆಸರಿಟ್ಟ ಬಿಳಿ ಆರ್ಕಿಡ್, ಮತ್ತು ‘ಕೊಕ್ಕರೆ ಹೂವಿನ ಬೀಜ’ದ ಅಸಲಿ ಕಥೆ

ರೆಕ್ಕೆ ಬಿಚ್ಚಿ ಹಾರುತ್ತಿರುವ ಬಿಳಿ ಕೊಕ್ಕರೆಯಂತೆ ಕಾಣುವ ಹೂವಿನ ಚಿತ್ರ ನಿಮ್ಮ ವಾಟ್ಸಾಪ್‌ಗೂ ಬಂದಿರಬೇಕು. ಎಷ್ಟೋ ವರ್ಷಗಳಿಗೊಮ್ಮೆ ಮಾತ್ರ ಅರಳುತ್ತದೆ, ನೋಡಿದವರಿಗೆ ಅದೃಷ್ಟ ಎಂಬ ಒಕ್ಕಣೆಯೂ ಅದರ ಜೊತೆಗಿರಬಹುದು. ಅದೇ ಚಿತ್ರ ಹಾಕಿ ಆನ್‌ಲೈನಿನಲ್ಲಿ ಬೀಜದ ಪೊಟ್ಟಣ ಮಾರುವವರೂ ಇದ್ದಾರೆ.

ಚಿತ್ರ ಸಾಮಾನ್ಯವಾಗಿ ನಿಜವೇ. ಅದು ಜಪಾನ್, ಕೊರಿಯಾ ಕಡೆಯ ಪೆಕ್ಟೈಲಿಸ್ ರೇಡಿಯಾಟಾ ಎಂಬ ಆರ್ಕಿಡ್. ಪ್ರತಿ ವರ್ಷ ಬೇಸಿಗೆಯ ಕೊನೆಗೆ ಅರಳುತ್ತದೆ, ಅದೃಷ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಸುಳ್ಳಿರುವುದು ಬೀಜದ ಪೊಟ್ಟಣದಲ್ಲಿ, ಅದನ್ನು ಆಮೇಲೆ ನೋಡೋಣ. ನಾವು ಇವತ್ತು ಹೇಳಹೊರಟಿರುವುದು ಇದೇ ಬಳಗದ ಇನ್ನೊಂದು ಬಿಳಿ ಹೂವಿನ ಬಗ್ಗೆ. ಅದರ ಹೆಸರು ಪೆಕ್ಟೈಲಿಸ್ ಸುಸಾನೆ. ಇದಕ್ಕೆ ಫಾರ್ವರ್ಡ್ ಯಾರೂ ಮಾಡಿಲ್ಲ. ಆದರೆ ಇದರ ಹಿಂದಿರುವ ಕಥೆ ಯಾವ ಫಾರ್ವರ್ಡಿಗೂ ಕಡಿಮೆಯದಲ್ಲ, ಮತ್ತು ಅದು ನಿಜ.

ಸುಸಾನಾ ಒಬ್ಬ ಹೆಂಗಸು. ಆಕೆಯ ಹೆಸರನ್ನು ಹೂವಿಗೆ ಇಟ್ಟವನು ಗಂಡ, ಜಾರ್ಜ್ ಎಬರ್‌ಹಾರ್ಡ್ ರಂಫಿಯಸ್. ಸಸ್ಯವಿಜ್ಞಾನದ ಇತಿಹಾಸ ಬಲ್ಲವರಿಗೆ ಬಹು ದೊಡ್ಡ ಹೆಸರು.

ಸೈನಿಕನಾಗಿ ಹೊರಟವನು

ರಂಫಿಯಸ್ ಹುಟ್ಟಿದ್ದು 1627ರಲ್ಲಿ, ಈಗಿನ ಜರ್ಮನಿಯ ಹೆಸ್ಸೆ ಪ್ರಾಂತ್ಯದಲ್ಲಿ. ಬೆಳೆದದ್ದು ಹಾನಾವ್ ಪಟ್ಟಣದ ಸುತ್ತಮುತ್ತ. ತಂದೆ ಕಟ್ಟಡ, ಕೋಟೆಗಳ ಕೆಲಸ ಬಲ್ಲವರು. ಮೂವತ್ತು ವರ್ಷಗಳ ಯುದ್ಧ ಇಡೀ ನಾಡನ್ನು ಸುಡುತ್ತಿದ್ದ ಕಾಲ ಅದು. ಹುಡುಗನಿಗೆ ಲ್ಯಾಟಿನ್ ಓದು ಸಿಕ್ಕಿತು, ಲೋಕ ನೋಡುವ ಹುಚ್ಚೂ ಹಿಡಿಯಿತು. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ವೆನಿಸ್ ಸೇನೆಗೆ ಎಂದು ನಂಬಿ ಹಡಗು ಹತ್ತಿದ. ಹಡಗು ಹೊರಟದ್ದು ಬ್ರೆಜಿಲ್ ಕಡೆಗೆ! ಅಲ್ಲಿಗೂ ತಲುಪದೆ ಪೋರ್ಚುಗಲ್‌ನಲ್ಲಿ ಕೆಲವು ವರ್ಷ ಕಳೆದು ಊರಿಗೆ ಮರಳಿದ.

ಕೆಲಸ ಕೊಡಿಸುತ್ತೇವೆಂದು ಒಂದು ದೇಶದ ಹೆಸರು ಹೇಳಿ ಇನ್ನೊಂದು ದೇಶಕ್ಕೆ ಸಾಗಿಸುವ ದಂಧೆ ಇವತ್ತಿನದು ಮಾತ್ರ ಅಲ್ಲ, ನೋಡಿ.

ಆದರೂ ಆತ ಹೆದರಲಿಲ್ಲ. 1652ರ ಕೊನೆಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನಿಕನಾಗಿ ಮತ್ತೆ ಹಡಗು ಹತ್ತಿ ಮರುವರ್ಷ ಬಟಾವಿಯಾ, ಅಂದರೆ ಇಂದಿನ ಜಕಾರ್ತಾ ಸೇರಿದ. ಅಲ್ಲಿಂದ ಅಂಬೋನ್ ದ್ವೀಪಕ್ಕೆ. ಇಂಡೊನೇಷ್ಯಾದ ಪೂರ್ವಕ್ಕಿರುವ ಮಲುಕು ದ್ವೀಪಸಮೂಹದಲ್ಲಿ ಅದೊಂದು ಸಣ್ಣ ದ್ವೀಪ. ಸುತ್ತಲಿನ ದ್ವೀಪಗಳೇ ಲವಂಗದ ತವರು. ಮುಂದಿನ ಸುಮಾರು ಐವತ್ತು ವರ್ಷ, ಸಾಯುವವರೆಗೂ, ರಂಫಿಯಸ್ ಅಲ್ಲೇ ಉಳಿದ. ಯೂರೋಪಿನ ಮುಖ ಮತ್ತೆ ನೋಡಲಿಲ್ಲ.

ಇಲ್ಲೊಂದು ಮಾತು ಮುಚ್ಚಿಡಬಾರದು. ಆ ಕಂಪನಿ ಅಲ್ಲಿ ಮಾಡುತ್ತಿದ್ದದ್ದು ಪುಣ್ಯದ ಕೆಲಸವಲ್ಲ. ಲವಂಗದ ಬೆಲೆ ಬೀಳದಿರಲೆಂದು ತಾನು ಒಪ್ಪಿದ ದ್ವೀಪಗಳನ್ನು ಬಿಟ್ಟು ಬೇರೆಡೆಯ ಲವಂಗದ ಮರಗಳನ್ನೆಲ್ಲ ಕಡಿಸಿ ಹಾಕಿಸುತ್ತಿತ್ತು, ಎದುರು ನಿಂತವರ ಮೇಲೆ ಯುದ್ಧ ಮಾಡುತ್ತಿತ್ತು. ರಂಫಿಯಸ್ ಅದೇ ಕಂಪನಿಯ ಸಂಬಳ ತಿಂದವನು. ಸೈನಿಕ ಕೆಲಸ ಆತನಿಗೆ ಒಗ್ಗಲಿಲ್ಲ ಎಂಬುದೂ ಅಷ್ಟೇ ನಿಜ. 1657ರ ಹೊತ್ತಿಗೆ ವ್ಯಾಪಾರ ವಿಭಾಗಕ್ಕೆ ವರ್ಗ ಮಾಡಿಸಿಕೊಂಡು, ದ್ವೀಪದ ಉತ್ತರ ಕರಾವಳಿಯ ಹಿತು ಕಡೆ ಹೋಗಿ ನೆಲೆಸಿದ.

ಹಗಲು ಲೆಕ್ಕಪತ್ರ, ಬಿಡುವಿನಲ್ಲಿ ಗಿಡ. ಇದು ಆತನ ದಿನಚರಿ. ಯೂರೋಪಿನ ಪುಸ್ತಕಗಳಲ್ಲಿ ಈ ಗಿಡಗಳ ಹೆಸರೇ ಇರಲಿಲ್ಲ. ಹಾಗಾಗಿ ಊರಿನವರನ್ನೇ ಕೇಳಿದ. ಯಾವ ಎಲೆ ಯಾವ ನೋವಿಗೆ, ಯಾವ ಮರ ದೋಣಿಗೆ, ಯಾವುದು ವಿಷ, ಮಲಯ ಭಾಷೆಯಲ್ಲಿ ಏನೆನ್ನುತ್ತಾರೆ, ಅಂಬೋನಿನ ಮಾತಿನಲ್ಲಿ ಏನೆನ್ನುತ್ತಾರೆ, ಎಲ್ಲವನ್ನೂ ಬರೆದಿಟ್ಟುಕೊಂಡ. ಸರಿಸುಮಾರು ಅದೇ ಕಾಲದಲ್ಲಿ ಇದೇ ಕಂಪನಿಯ ಇನ್ನೊಬ್ಬ ಅಧಿಕಾರಿ ವಾನ್ ರೀಡ್ ನಮ್ಮ ಪಕ್ಕದ ಕೊಚ್ಚಿಯಲ್ಲಿ ಕೂತು ಮಲಬಾರಿನ ಗಿಡಗಳ ಹನ್ನೆರಡು ಸಂಪುಟಗಳ ‘ಹಾರ್ಟಸ್ ಮಲಬಾರಿಕಸ್’ ಮಾಡಿಸುತ್ತಿದ್ದ. ಅಲ್ಲಿ ಇಟ್ಟಿ ಅಚ್ಯುತನ್ ವೈದ್ಯರು, ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ನೆರವಾಗಿದ್ದರು. ನಮ್ಮ ಮಲೆನಾಡಿನ ಸೀತಾಳೆ ದಂಡೆಯೂ ಆ ಪುಸ್ತಕದಲ್ಲಿದೆ.

ಅಂಬೋನಿನಲ್ಲಿ ರಂಫಿಯಸ್‌ಗೆ ನೆರವಾದವರಲ್ಲಿ ಮೊದಲಿಗಳು ಸುಸಾನಾ. ಆಕೆಯ ಬಗ್ಗೆ ಆ ಹೆಸರೊಂದೇ ಉಳಿದಿದೆ, ಮನೆತನದ ಹೆಸರಿಲ್ಲ. ಗಿಡಮೂಲಿಕೆ ಹುಡುಕುವುದರಲ್ಲಿ ಆಕೆಯೇ ತನ್ನ ಮೊದಲ ಜೊತೆಗಾತಿ, ಈ ಬಿಳಿ ಹೂವನ್ನು ತನಗೆ ಮೊದಲು ತೋರಿಸಿದವಳೂ ಆಕೆಯೇ ಎಂದು ಗಂಡ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಆ ಕಾಲದ ಗಂಡಸರು ಬರೆದ ವಿಜ್ಞಾನದ ಪುಸ್ತಕಗಳಲ್ಲಿ ಇಂಥ ಒಂದು ಸಾಲು ಹುಡುಕಿ ನೋಡಿ, ಸಿಗುವುದು ಕಷ್ಟ.

ಒಂದರ ಹಿಂದೊಂದು

1670ರಲ್ಲಿ ರಂಫಿಯಸ್‌ನ ಕಣ್ಣು ಹೋಯಿತು. ಕೆಲವೇ ವಾರಗಳಲ್ಲಿ ಕತ್ತಲೆ. ಈಗಿನ ವೈದ್ಯರು ಅದು ಗ್ಲಾಕೋಮಾ ಇದ್ದಿರಬಹುದು ಎನ್ನುತ್ತಾರೆ. ಬಿಸಿಲಿನಲ್ಲಿ ಗಿಡ ನೋಡಿ ನೋಡಿ ಕಣ್ಣು ಹೋಯಿತು ಎಂಬ ಮಾತು ಅಲ್ಲಲ್ಲಿ ಓಡಾಡುತ್ತದೆ, ಆದರೆ ಗ್ಲಾಕೋಮಾ ಬಿಸಿಲಿನಿಂದ ಬರುವುದಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರಕ್ಕೆ ಪೆಟ್ಟಾಗುವುದರಿಂದ ಬರುತ್ತದೆ. ನಲವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಇದ್ದರೆ, ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಬೇಕು. ರಂಫಿಯಸ್‌ಗೆ ಆಗ ನಲವತ್ತೆರಡು ನಲವತ್ತಮೂರು.

ಕಂಪನಿ ಅವನನ್ನು ಕೆಲಸದಿಂದ ಕಿತ್ತುಹಾಕಲಿಲ್ಲ. ಹುದ್ದೆ, ಸಂಬಳ ಉಳಿಸಿ ಅಂಬೋನ್ ಪಟ್ಟಣಕ್ಕೆ ಕರೆಸಿಕೊಂಡಿತು. ಆತ ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ. ಈಗ ಬೇರೆಯವರು ಬರೆದುಕೊಳ್ಳಬೇಕು, ಅವರಿಗೆ ಲ್ಯಾಟಿನ್ ಬರದು. ಹಾಗಾಗಿ ಇಡೀ ಪುಸ್ತಕವನ್ನು ಡಚ್ ಭಾಷೆಯಲ್ಲಿ ಮೊದಲಿನಿಂದ ಹೇಳಿ ಬರೆಸತೊಡಗಿದ. ಎಲೆಯನ್ನು ಬೆರಳಲ್ಲಿ ಸವರಿ, ಮೂಸಿ, ರುಚಿ ನೋಡಿ ಗುರುತಿಸುತ್ತಿದ್ದ.

1674ರ ಫೆಬ್ರವರಿ 17, ಶನಿವಾರ ಸಂಜೆ. ಬೆಳದಿಂಗಳು. ಚೀನೀಯರ ಹೊಸ ವರ್ಷದ ಸಂಭ್ರಮ ನೋಡಲು ಸುಸಾನಾ ಮತ್ತು ಮಗಳು ಹೋಗಿದ್ದರು. ಇದ್ದಕ್ಕಿದ್ದಂತೆ ಕೋಟೆಯ ಗಂಟೆಗಳು ತಾವಾಗಿ ಬಾರಿಸತೊಡಗಿದವು. ನೆಲ ಅಲೆಯಂತೆ ಎದ್ದು ಬಿದ್ದಿತು. ಕಲ್ಲಿನ ಗೋಡೆ ಕುಸಿದು ತಾಯಿ ಮಗಳಿಬ್ಬರೂ ಅದರಡಿ ಸಿಕ್ಕಿ ಸತ್ತರು. ಕಣ್ಣು ಕಾಣದ ಗಂಡ ಉಳಿದ. ಅದೇ ರಾತ್ರಿ ದ್ವೀಪದ ಉತ್ತರ ಕರಾವಳಿಗೆ ಸುನಾಮಿ ಅಪ್ಪಳಿಸಿತು. ಆತ ಮೊದಲು ನೆಲೆಸಿದ್ದ ಹಿತು ಕಡೆಯ ಹಳ್ಳಿಗಳೇ ಅವು. ನೀರು ಸುಮಾರು 100 ಮೀಟರ್ ಎತ್ತರಕ್ಕೆ ಏರಿತೆಂದು ದಾಖಲೆಗಳು ಹೇಳುತ್ತವೆ. ಸತ್ತವರು 2,000ಕ್ಕೂ ಹೆಚ್ಚು.

ಆ ದಾಖಲೆ ಬರೆಸಿದವನೂ ರಂಫಿಯಸ್ಸೇ. ಹೆಂಡತಿ ಮಗಳನ್ನು ಕಳೆದುಕೊಂಡ ಮೇಲೆ, ಯಾವ ಹಳ್ಳಿಯಲ್ಲಿ ನೀರು ಎಲ್ಲಿಯವರೆಗೆ ಬಂತು, ಎಷ್ಟು ಜನ ಸತ್ತರು ಎಂದು ಒಂದೊಂದಾಗಿ ಕೇಳಿ ತಿಳಿದು ಬರೆಸಿದ. ಇಂಡೊನೇಷ್ಯಾದ ಸುನಾಮಿಗಳ ವಿವರವಾದ ದಾಖಲೆಗಳಲ್ಲಿ ಇದೇ ಅತಿ ಹಳೆಯದು. ಇವತ್ತಿಗೂ ಭೂಕಂಪ ವಿಜ್ಞಾನಿಗಳು ಅದನ್ನು ಬಿಚ್ಚಿ ಓದುತ್ತಾರೆ.

ಆಮೇಲೆ ಆ ಬಿಳಿ ಹೂವಿಗೆ ‘ಫ್ಲಾಸ್ ಸುಸಾನೆ’, ಸುಸಾನಾ ಹೂವು, ಎಂದು ಹೆಸರಿಟ್ಟ.

ಪರೀಕ್ಷೆ ಮುಗಿದಿರಲಿಲ್ಲ. 1687ರ ಜನವರಿಯಲ್ಲಿ ಅಂಬೋನ್ ಪಟ್ಟಣಕ್ಕೆ ಬೆಂಕಿ ಬಿತ್ತು. ಕಣ್ಣಿದ್ದಾಗ ತಾನೇ ಬರೆದಿದ್ದ ಗಿಡಗಳ ಚಿತ್ರಗಳು, ಪುಸ್ತಕಗಳು ಸುಟ್ಟುಹೋದವು. ಬರೆಸಿದ ಹಾಳೆಗಳು ಮಾತ್ರ ಉಳಿದವು. ಮಗ ಪೌಲಸ್ ಮತ್ತು ಬೇರೆ ಕಲಾವಿದರಿಂದ ಚಿತ್ರಗಳನ್ನು ಮತ್ತೆ ಬರೆಸಿದ. 1690ರ ಹೊತ್ತಿಗೆ ಅರ್ಧ ಪುಸ್ತಕ ಸಿದ್ಧವಾಗಿ ಬಟಾವಿಯಾಕ್ಕೆ ಹೋಯಿತು. ಅಲ್ಲಿಂದ ಹಾಲೆಂಡಿಗೆ ಹೊರಟ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿದರು.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಬಟಾವಿಯಾದ ಗವರ್ನರ್ ಜನರಲ್ ಆಗಿದ್ದ ಕ್ಯಾಂಪ್‌ಹೌಸ್‌ಗೆ ಸ್ವತಃ ಗಿಡಗಳ ಹುಚ್ಚು. ಹಡಗಿಗೆ ಹಾಕುವ ಮುಂಚೆ ಆತ ಪೂರ್ತಿ ಒಂದು ನಕಲು ಮಾಡಿಸಿ ಇಟ್ಟುಕೊಂಡಿದ್ದ! ಬ್ಯಾಕಪ್ ತೆಗೆದಿಡಿ ಎಂದು ನಾವು ಓದುಗರಿಗೆ ಹೇಳುತ್ತಲೇ ಇರುತ್ತೇವೆ, ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಪುಸ್ತಕ ಕೊನೆಗೂ ಹಾಲೆಂಡ್ ತಲುಪಿತು. ಆದರೆ ಕಂಪನಿ ಅದನ್ನು ಬೀಗ ಹಾಕಿ ಇಟ್ಟಿತು. ಮಸಾಲೆ ದ್ವೀಪಗಳ ವ್ಯಾಪಾರದ ಗುಟ್ಟು ಹೊರಗೆ ಹೋದೀತೆಂಬ ಭಯ. 1702ರ ಜೂನ್ 15ರಂದು ರಂಫಿಯಸ್ ಅಂಬೋನಿನಲ್ಲಿ ತೀರಿಕೊಂಡ. ತನ್ನ ಪುಸ್ತಕ ಅಚ್ಚಾಗಿದ್ದನ್ನು ಆತ ಕೈಯಲ್ಲಿ ಮುಟ್ಟಲೂ ಇಲ್ಲ. ‘ಹರ್ಬೇರಿಯಂ ಅಂಬೊಯಿನೆನ್ಸ್’ ಹೆಸರಿನಲ್ಲಿ ಅದು ಆರು ದೊಡ್ಡ ಸಂಪುಟಗಳಾಗಿ ಹೊರಬಂದದ್ದು 1741ರಿಂದ 1750ರ ನಡುವೆ, ಯೊಹಾನೆಸ್ ಬರ್ಮನ್ ಎಂಬ ಸಸ್ಯವಿಜ್ಞಾನಿಯ ಕೈಯಿಂದ. ಸುಮಾರು 1,200 ಗಿಡಗಳ ವಿವರ ಅದರಲ್ಲಿದೆ. 1753ರಲ್ಲಿ ಲಿನೇಯಸ್ ಗಿಡಗಳಿಗೆಲ್ಲ ಎರಡು ಪದಗಳ ಹೆಸರಿಡುವಾಗ ಈ ಹೂವಿಗೆ ‘ಆರ್ಕಿಸ್ ಸುಸಾನೆ’ ಎಂದ. ಮುಂದೆ ಕುಲದ ಹೆಸರು ಬದಲಾಗಿ ಪೆಕ್ಟೈಲಿಸ್ ಆಯಿತು. ಹೂವಿನ ತುಟಿಯ ಅಂಚು ಬಾಚಣಿಗೆಯಂತೆ ಸೀಳಿರುವುದರಿಂದ ಆ ಹೆಸರು. ‘ಸುಸಾನೆ’ ಮಾತ್ರ ಬದಲಾಗಲಿಲ್ಲ.

ಆರ್ಕಿಡ್ ಬಂದಳಿಕೆಯೇ?

ರಂಫಿಯಸ್ ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನೂ ವಿವರಿಸಿದ್ದಾನೆ. ನೆಲಕ್ಕೆ ಇಳಿಯದೆ ಎತ್ತರದ ಕೋಟೆಗಳಲ್ಲೇ ಇರಬಯಸುವ ಶ್ರೀಮಂತರಿಗೆ ಅವುಗಳನ್ನು ಹೋಲಿಸಿದ್ದಾನೆ. ನಮ್ಮಲ್ಲಿ ಹಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವು ಮರದ ಸತ್ವ ಹೀರುವ ಬಂದಳಿಕೆ ಎಂದುಕೊಂಡು ತೋಟದ ಮರಗಳಿಂದ ಕಿತ್ತೆಸೆಯುತ್ತಾರೆ. ಇದು ತಪ್ಪು. ಬಂದಳಿಕೆಯ ಬೇರು ಕೊಂಬೆಯ ಒಳಕ್ಕೆ ಇಳಿದು ಮರದ ನೀರು, ಲವಣ ಕುಡಿಯುತ್ತದೆ. ಆರ್ಕಿಡ್ ಬೇರು ತೊಗಟೆಯ ಮೇಲೆ ಹಿಡಿದುಕೊಂಡಿರುತ್ತದೆ, ಅಷ್ಟೆ. ಬೇರಿನ ಮೇಲಿರುವ ಬೂದುಬಿಳಿ ಪದರ ಸ್ಪಂಜಿನಂತೆ ಮಳೆ, ಮಂಜನ್ನು ಹೀರಿಕೊಳ್ಳುತ್ತದೆ. ಬಾಡಿಗೆ ಕೊಡದ ಬಾಡಿಗೆದಾರ ಎನ್ನಬಹುದು, ಕಳ್ಳ ಎನ್ನುವಂತಿಲ್ಲ.

ಇನ್ನೊಂದು ನಂಬಿಕೆ ಗೆಡ್ಡೆಯದು. ಸುಸಾನಾ ಹೂವಿನಂಥ ನೆಲದ ಆರ್ಕಿಡ್‌ಗಳಿಗೆ ಮಣ್ಣಿನಡಿ ಜೋಡಿ ಗೆಡ್ಡೆ ಇರುತ್ತದೆ. ‘ಆರ್ಕಿಸ್’ ಎಂಬ ಗ್ರೀಕ್ ಪದದ ಅರ್ಥ ವೃಷಣ. ಆಕಾರ ಹಾಗಿದೆ, ಆದ್ದರಿಂದ ಗಂಡಸುತನ ಹೆಚ್ಚಿಸುತ್ತದೆ ಎಂಬುದು ಹಳೆಯ ಕಾಲದ ತರ್ಕ. ಗ್ರಂದಿಗೆ ಅಂಗಡಿಯಲ್ಲಿ ‘ಸಾಲಂ ಮಿಶ್ರಿ’ ಹೆಸರಿನಲ್ಲಿ ಸಿಗುವುದು ಇಂಥದೇ ಗೆಡ್ಡೆ. ಅದರಲ್ಲಿರುವುದು ಮುಖ್ಯವಾಗಿ ಗಂಜಿಯಂತೆ ದಪ್ಪವಾಗುವ ನಾರು. ಹೊಟ್ಟೆ ತುಂಬಿದಂತೆ ಅನಿಸಬಹುದು, ಬೇರೆ ಶಕ್ತಿ ಬರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಹಿಮಾಲಯದ ಆರ್ಕಿಡ್‌ಗಳು ಇದೇ ನಂಬಿಕೆಗೆ ಬಲಿಯಾಗಿ ಅಪಾಯದ ಸ್ಥಿತಿಗೆ ಬಂದಿವೆ.

ಬೀಜದ ಪೊಟ್ಟಣ ಏಕೆ ಮೋಸ?

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಒಂದೇ ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಾಂತರ. ಹೆಸರುಕಾಳು, ಭತ್ತದ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುತ್ತದೆ. ಆರ್ಕಿಡ್ ಬೀಜದಲ್ಲಿ ಬುತ್ತಿಯೇ ಇಲ್ಲ. ಮಣ್ಣಿನ ಅಥವಾ ತೊಗಟೆಯ ಮೇಲಿನ ನಿರ್ದಿಷ್ಟ ಶಿಲೀಂಧ್ರ ಅದರೊಳಗೆ ಹೊಕ್ಕು ಆಹಾರ ಕೊಟ್ಟರೆ ಮಾತ್ರ ಮೊಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಇದನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟ. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್, ಸಕ್ಕರೆ ಬೆರೆಸಿದ ಅಗರ್ ಮೇಲೆ ಗಾಜಿನ ಸೀಸೆಯೊಳಗೆ ಶಿಲೀಂಧ್ರವಿಲ್ಲದೆಯೂ ಮೊಳಕೆ ಬರಿಸಬಹುದೆಂದು ಪ್ರಕಟಿಸಿದ. ಇವತ್ತು ನರ್ಸರಿಗಳಲ್ಲಿ ಆರ್ಕಿಡ್ ಸಿಗುತ್ತಿರುವುದೇ ಇಂಥ ಪ್ರಯೋಗಾಲಯಗಳಿಂದ.

ಅಂದಮೇಲೆ, ಕುಂಡದಲ್ಲಿ ಬಿತ್ತಿ ನೀರು ಹಾಕಿ ಎಂದು ಕಾಳಿನಂಥ ಬೀಜ ಕಳಿಸುವವರು ಕಳಿಸಿದ್ದು ಯಾವುದೋ ಹುಲ್ಲಿನದೋ ಸೊಪ್ಪಿನದೋ ಇರಬೇಕು. ಕಣ್ಣಿಗೆ ಬಿಡಿಬಿಡಿಯಾಗಿ ಎಣಿಸುವಷ್ಟು ದಪ್ಪ ಇದ್ದರೆ ಅದು ಆರ್ಕಿಡ್ ಬೀಜವೇ ಅಲ್ಲ.

ಹಾಗಾದರೆ ಬೆಳೆಸುವುದು ಹೇಗೆ?

ಸುಸಾನಾ ಹೂವು ಈಶಾನ್ಯ ಭಾರತದಿಂದ ಥಾಯ್ಲೆಂಡ್, ದಕ್ಷಿಣ ಚೀನಾ ದಾಟಿ ಅಂಬೋನಿನವರೆಗೆ ಹುಲ್ಲುಗಾವಲು, ತೆರೆದ ಕಾಡುಗಳಲ್ಲಿ ಇದೆ. ಇದರ ಹತ್ತಿರದ ಬಂಧು ಪೆಕ್ಟೈಲಿಸ್ ಜೈಗ್ಯಾಂಟಿಯಾ ನಮ್ಮ ಪಶ್ಚಿಮ ಘಟ್ಟಗಳಲ್ಲಿ ಮಳೆಗಾಲದಲ್ಲಿ ಅರಳುತ್ತದೆ. ಕಂಡರೆ ಫೋಟೋ ತೆಗೆದುಕೊಳ್ಳಿ, ಕೀಳಬೇಡಿ. ಕಾಡಿನ ಮಣ್ಣಿನ ಶಿಲೀಂಧ್ರದ ನಂಟು ತಪ್ಪಿದ ಗೆಡ್ಡೆ ಮನೆಯಲ್ಲಿ ಬಹುಮಟ್ಟಿಗೆ ಸಾಯುತ್ತದೆ, ಮೇಲಾಗಿ ಮೀಸಲು ಅರಣ್ಯದಿಂದ ಕೀಳುವುದು ಅಪರಾಧ. ಗಡಿಯಾಚೆಗಿನ ಆರ್ಕಿಡ್ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಬೆಳೆಸಿದ ಗೆಡ್ಡೆ ಎಂದು ಖಾತ್ರಿ ಕೊಡುವ ನರ್ಸರಿಯಿಂದ ಮಾತ್ರ ಕೊಳ್ಳಿ.

ಗೆಡ್ಡೆ ಸಿಕ್ಕಿದರೆ ನೀರು ನಿಲ್ಲದ ಮಿಶ್ರಣ ಮಾಡಿಕೊಳ್ಳಿ: ದಪ್ಪ ಮರಳು, ಚೆನ್ನಾಗಿ ಕೊಳೆತ ಎಲೆಗೊಬ್ಬರ, ಸ್ವಲ್ಪ ಕೆಂಪುಮಣ್ಣು. ಗೆಡ್ಡೆಯ ಮೊಳಕೆ ಮೇಲ್ಮುಖವಾಗಿರಲಿ, ಮೇಲೆ ನಾಲ್ಕೈದು ಸೆಂಟಿಮೀಟರ್ ಮಣ್ಣು ಸಾಕು. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಚಿಗುರು ಕಂಡ ಮೇಲೆ ನೀರು ಶುರು ಮಾಡಿ. ಮಳೆನೀರು ಉತ್ತಮ, ಉಪ್ಪಿನಂಶದ ಬೋರ್‌ವೆಲ್ ನೀರು ಇದಕ್ಕೆ ಆಗದು. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು. ಗೊಬ್ಬರ ತೀರಾ ತೆಳುವಾಗಿ. ಗಿಡ ಎರಡು ಮೂರು ಅಡಿ ಎತ್ತರ ಬೆಳೆದು ಮಳೆಗಾಲದ ನಡುವಿನಿಂದ ಹೂ ಬಿಡುತ್ತದೆ. ರಾತ್ರಿ ಹೊತ್ತು ಸುವಾಸನೆ ಹೆಚ್ಚು, ಏಕೆಂದರೆ ಹೂವಿನ ಹಿಂದೆ ಇಳಿಬಿದ್ದ ಉದ್ದ ಕೊಳವೆಯ ತುದಿಯ ಮಕರಂದಕ್ಕೆ ಬರುವುದು ಉದ್ದ ಸೊಂಡಿಲಿನ ಗಿಡುಗ ಪತಂಗ.

ಇಷ್ಟೆಲ್ಲ ಕಷ್ಟ ಬೇಡ, ಮನೆಯೊಳಗೆ ಒಂದು ಬಿಳಿ ಆರ್ಕಿಡ್ ಸಾಕು ಎನ್ನುವವರಿಗೆ ಫೆಲನಾಪ್ಸಿಸ್ ಇದೆ. ಬೆಂಗಳೂರಿನ ಯಾವ ನರ್ಸರಿಯಲ್ಲೂ ಸಿಗುತ್ತದೆ. ಅದರ ಬಿಳಿ ಮೂಲ ಜಾತಿ ಫೆಲನಾಪ್ಸಿಸ್ ಅಮಾಬಿಲಿಸ್ ಅನ್ನೂ ರಂಫಿಯಸ್ ವರ್ಣಿಸಿದ್ದ, ಈಗ ಅದು ಇಂಡೊನೇಷ್ಯಾದ ರಾಷ್ಟ್ರೀಯ ಹೂವುಗಳಲ್ಲಿ ಒಂದು. ಇದು ಮರದ ಮೇಲಿನದು, ಮಣ್ಣು ಹಾಕಿದರೆ ಬೇರು ಕೊಳೆಯುತ್ತದೆ. ತೊಗಟೆ ಚೂರು, ಇದ್ದಿಲು, ತೆಂಗಿನ ಸಿಪ್ಪೆ ತುಂಡು ಸಾಕು. ಬೇರು ಹಸಿರಾಗಿದ್ದರೆ ನೀರು ಬೇಡ, ಬೆಳ್ಳಗಾದರೆ ಕೊಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲಬಾರದು. ಹೂ ಬಿಡಲು ಕೆಲವು ವಾರ ತಂಪು ಹವೆ ಬೇಕು, ಬೆಂಗಳೂರು, ಮೈಸೂರಿನ ಚಳಿಗಾಲದಲ್ಲಿ ಅದು ತಾನಾಗಿ ಸಿಗುತ್ತದೆ. ಕರಾವಳಿಯವರು ಸ್ವಲ್ಪ ಹೆಚ್ಚು ತಾಳ್ಮೆ ಇಟ್ಟುಕೊಳ್ಳಬೇಕು. ಹೂ ಉದುರಿದ ಮೇಲೆ ಗಿಡ ಸತ್ತಿತೆಂದು ಎಸೆಯಬೇಡಿ, ಎಲೆ ಹಸಿರಾಗಿರುವವರೆಗೆ ಮತ್ತೆ ಹೂ ಬರುತ್ತದೆ.

ಸುಸಾನಾ ಹೂವಿನ ವಿಷಯದಲ್ಲಿ ಎಲೆಯ ಲೆಕ್ಕ ನಡೆಯದು. ಮಳೆಗಾಲ ಮುಗಿದ ಮೇಲೆ ಎಲೆ ಹಳದಿಯಾಗಿ, ಕಾಂಡ ಪೂರ್ತಿ ಒಣಗಿ ಬೀಳುತ್ತದೆ. ಹಳೆಯ ಗೆಡ್ಡೆ ಕರಗಿ, ಅದರ ಪಕ್ಕದಲ್ಲಿ ಮುಂದಿನ ವರ್ಷದ ಹೊಸ ಗೆಡ್ಡೆ ಕೂತಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಒಣಗಿತಲ್ಲ ಎಂದು ಇನ್ನಷ್ಟು ನೀರು ಸುರಿದು ಗೆಡ್ಡೆ ಕೊಳೆಸುತ್ತಾರೆ, ಇಲ್ಲವೇ ಖಾಲಿ ಕುಂಡ ಎಂದುಕೊಂಡು ಮಣ್ಣು ಸುರಿದು ಕೊತ್ತಂಬರಿ ಬಿತ್ತುತ್ತಾರೆ. ಕುಂಡವನ್ನು ಮಳೆ ಬೀಳದ, ಇಲಿ ಬಾರದ ಮೂಲೆಗೆ ಸರಿಸಿ ಮಣ್ಣನ್ನು ಒಣಗಲು ಬಿಡಿ. ಗೆಡ್ಡೆ ತೆಗೆದು ಹೊಸ ಮಣ್ಣಿಗೆ ಹಾಕುವುದಿದ್ದರೆ ಈ ಸಮಯದಲ್ಲೇ ಮಾಡಿ. ಮತ್ತು ಕುಂಡದ ಮೇಲೆ ಒಂದು ಚೀಟಿ ಅಂಟಿಸಿ: ಒಳಗೆ ಸುಸಾನಾ ಇದ್ದಾಳೆ, ಜೂನ್‌ವರೆಗೆ ನೀರು ಹಾಕಬೇಡಿ.